ವೃತ್ತಿಪರ ಪದವಿಯ ಒಳರಚನೆ: ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಕಲಿಕೆ ನಡೆಯುವ ಬಗೆ

ವೈದ್ಯ, ವಕೀಲ, ಎಂಜಿನಿಯರ್, ಪಶುವೈದ್ಯ, ಫಾರ್ಮಸಿಸ್ಟ್, ನರ್ಸ್, ಶಿಕ್ಷಕ: ಇಂಥ ಒಂದು ಗೊತ್ತಾದ ಕಸುಬಿಗೆ ನೇರವಾಗಿ ಅರ್ಹತೆ ತಂದುಕೊಡುವುದು ವೃತ್ತಿಪರ ಪದವಿ. ಬಿ.ಎ., ಬಿ.ಎಸ್ಸಿ. ಓದಿದವರ ಮುಂದೆ ಹತ್ತು ದಾರಿಗಳಿರುತ್ತವೆ. ಯಾವ ದಾರಿ ಹಿಡಿದರೂ ಅದಕ್ಕೆ ಬೇಕಾದ ಪಳಗಿಕೆ ಆಮೇಲೆ ಸಿಗುತ್ತದೆ. ಎಂಬಿಬಿಎಸ್ ಮುಗಿಸಿದವರಿಗೆ ಆ ಬಿಡುವಿಲ್ಲ. ನೋಂದಣಿಯಾದ ಮಾರನೆಯ ದಿನವೇ ರೋಗಿಯೊಬ್ಬರು ಎದುರು ಬಂದು ಕೂರಬಹುದು. ಆ ದಿನಕ್ಕೆ ಬೇಕಾದ ಓದು, ಕೈಕೆಲಸ, ಹೊಣೆಗಾರಿಕೆ ಮೂರೂ ಪದವಿಯ ಒಳಗೇ ಕೂಡಿಬಂದಿರಬೇಕು. ಅದಕ್ಕಾಗಿ ವೃತ್ತಿಪರ ಕಾಲೇಜು ತರಗತಿಯ ಜೊತೆಗೆ ಆಸ್ಪತ್ರೆ, ಹೊಲ, ನ್ಯಾಯಾಲಯ, ಕಾರ್ಖಾನೆಗಳನ್ನೂ ತನ್ನ ವೇಳಾಪಟ್ಟಿಯೊಳಗೆ ತಂದುಕೊಳ್ಳಬೇಕಾಗುತ್ತದೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಶಿವಮೊಗ್ಗ ನಗರ ಮತ್ತು ಪಕ್ಕದ ಭದ್ರಾವತಿಯಲ್ಲಿ ಒಟ್ಟಾಗಿ ನೋಡಬಹುದು. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ಆಯುರ್ವೇದ, ಕೃಷಿ, ಪಶುವೈದ್ಯ, ಕಾನೂನು, ಫಾರ್ಮಸಿ, ನರ್ಸಿಂಗ್, ಬಿ.ಇಡಿ., ಪಾಲಿಟೆಕ್ನಿಕ್, ಇವೆಲ್ಲವೂ ಈ ಅವಳಿ ಊರುಗಳ ಆಸುಪಾಸಿನಲ್ಲೇ ಇವೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರ ತಂದೆತಾಯಿಗೆ ಕ್ರೆಡಿಟ್, ಸ್ಕೀಮ್, ಇಂಟರ್ನಲ್ಸ್ ಎಂಬ ಮಾತುಗಳೇ ಹೊಸವು. ಆದರೆ ಮಗ ಅಥವಾ ಮಗಳ ನಾಲ್ಕೈದು ವರ್ಷ ಈ ಮಾತುಗಳ ಮೇಲೆಯೇ ನಿಂತಿರುತ್ತದೆ.

ಮಲೆನಾಡಿಗೆ ವೃತ್ತಿ ಕಾಲೇಜು ಬಂದದ್ದು

ಶಿವಮೊಗ್ಗದ ಉನ್ನತ ಶಿಕ್ಷಣ ಸಾಮಾನ್ಯ ಪದವಿಯ ದಾರಿಯಲ್ಲಿ ಮೊದಲಾಯಿತು. ಸಹ್ಯಾದ್ರಿ ಕಾಲೇಜು 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಯಿತು. 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಕ್ಷಣ ಸಮಿತಿ ಮುಂದೆ ಶಾಲೆಗಳ ಜೊತೆಗೆ ವಾಣಿಜ್ಯ, ಕಾನೂನು, ಫಾರ್ಮಸಿ ಕಾಲೇಜುಗಳನ್ನು ಕಟ್ಟಿತು. ಅದೇ ಸಮಿತಿ 1980ರಲ್ಲಿ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಊರಿನವರ ಬಾಯಲ್ಲಿ ಅದು ಜೆಎನ್‌ಎನ್‌ಸಿಇ.

ಆ ಕಾಲೇಜಿನಲ್ಲಿ ಬೇರೆ ಬೇರೆ ಕಾಲದಲ್ಲಿ ಓದಿದವರ ಪದವಿ ಪತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಕರ್ನಾಟಕದ ಉನ್ನತ ಶಿಕ್ಷಣದ ಒಂದು ತುಂಡು ಚರಿತ್ರೆ ಕಾಣುತ್ತದೆ. ಆರಂಭದ ವರ್ಷಗಳವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. 1987ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಮುದ್ರೆ ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಆರಂಭವಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರ ತೆಕ್ಕೆಗೆ ಸೇರಿದವು. ವಿಜ್ಞಾನ, ಕಲೆ, ವಾಣಿಜ್ಯದ ಜೊತೆಗೆ ಎಂಜಿನಿಯರಿಂಗನ್ನೂ ಒಂದೇ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತಿದ್ದ ಕಾಲ ಹೋಗಿ, ಒಂದೊಂದು ವೃತ್ತಿಗೆ ಒಂದೊಂದು ವಿಶ್ವವಿದ್ಯಾಲಯ ಎಂಬ ಕಾಲ ಬಂತು. ವೈದ್ಯಕೀಯ ಮತ್ತು ಅದರ ಬಳಗಕ್ಕೆ 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕಾನೂನಿಗೆ 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಪಶುವೈದ್ಯಕ್ಕೆ ಬೀದರಿನ ವಿಶ್ವವಿದ್ಯಾಲಯ. ಶಿವಮೊಗ್ಗದ ನವುಲೆಯ ಕೃಷಿ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 2012ರಲ್ಲಿ ಶಿವಮೊಗ್ಗಕ್ಕೇ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಅದಕ್ಕೆ ಈಗ ಕೆಳದಿ ಶಿವಪ್ಪ ನಾಯಕರ ಹೆಸರು. ಅದರ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ.

2007ರಲ್ಲಿ ಊರಿಗೆ ಎರಡು ದೊಡ್ಡ ಸೇರ್ಪಡೆಗಳಾದವು. ಸರ್ಕಾರದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಸಿಮ್ಸ್, ಮೆಗ್ಗಾನ್ ಆಸ್ಪತ್ರೆಯನ್ನು ಬೋಧನಾ ಆಸ್ಪತ್ರೆಯಾಗಿ ಇಟ್ಟುಕೊಂಡು ಆರಂಭವಾಯಿತು. ಸಾಗರ ರಸ್ತೆಯಲ್ಲಿ ಪಿಇಎಸ್ ತಾಂತ್ರಿಕ ಮತ್ತು ನಿರ್ವಹಣಾ ಸಂಸ್ಥೆ ಶುರುವಾಯಿತು.

ಒಂದು ಪದವಿ, ನಾಲ್ಕು ಕೈ

ಕಾಲೇಜಿನ ಹೆಸರು ಹೊರಗಡೆ ದೊಡ್ಡದಾಗಿ ಕಂಡರೂ ಪದವಿಯ ರಚನೆಯಲ್ಲಿ ನಾಲ್ಕು ಕೈಗಳಿರುತ್ತವೆ. ಮೊದಲನೆಯದು ದೆಹಲಿಯ ನಿಯಂತ್ರಣ ಮಂಡಳಿ. ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್‌ಗೆ ಎಐಸಿಟಿಇ, ವೈದ್ಯಕೀಯಕ್ಕೆ 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಕಾನೂನಿಗೆ ಬಾರ್ ಕೌನ್ಸಿಲ್, ಪಶುವೈದ್ಯಕ್ಕೆ ಪಶುವೈದ್ಯ ಪರಿಷತ್ತು, ಶಿಕ್ಷಕ ತರಬೇತಿಗೆ ಎನ್‌ಸಿಟಿಇ. ಕೋರ್ಸ್ ಎಷ್ಟು ವರ್ಷದ್ದು, ಎಷ್ಟು ಸೀಟು, ಇಂತಿಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಮಂದಿ ಅಧ್ಯಾಪಕರು, ಯಾವ ಯಾವ ಲ್ಯಾಬ್, ಆಸ್ಪತ್ರೆಯಾದರೆ ಎಷ್ಟು ಹಾಸಿಗೆ ಎಂಬ ಕನಿಷ್ಠ ಮಟ್ಟವನ್ನು ಇವು ನಿಗದಿ ಮಾಡುತ್ತವೆ.

ಎರಡನೆಯದು ವಿಶ್ವವಿದ್ಯಾಲಯ. ಪಠ್ಯಕ್ರಮ ಬರೆಯುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಅದರ ಕೆಲಸ. ಮೂರನೆಯದು ರಾಜ್ಯ ಸರ್ಕಾರ. ಸೀಟುಗಳ ಹಂಚಿಕೆ, ಮೀಸಲಾತಿ, ಸರ್ಕಾರಿ ಕೋಟಾದ ಫೀಸು ಅದರ ಕೈಯಲ್ಲಿವೆ. ಡೊನೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತ್ತು.

ನಾಲ್ಕನೆಯದು ಕಾಲೇಜು. ವೇಳಾಪಟ್ಟಿ, ಅಧ್ಯಾಪಕರ ನೇಮಕ, ಲ್ಯಾಬ್‌ನ ನಿರ್ವಹಣೆ, ಆಂತರಿಕ ಪರೀಕ್ಷೆ, ಹೊರಗಿನ ಸಂಸ್ಥೆಗಳೊಂದಿಗೆ ಸಂಬಂಧ ಇವು ಅದರ ಪಾಲು. ಸ್ವಾಯತ್ತ ಮಾನ್ಯತೆ ಪಡೆದ ಕಾಲೇಜು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ರೂಪಿಸಬಹುದು. ಆಗಲೂ ಪದವಿ ಪತ್ರಕ್ಕೆ ವಿಶ್ವವಿದ್ಯಾಲಯದ ಮುದ್ರೆಯೇ ಬೀಳುತ್ತದೆ. ಹೀಗಾಗಿ ಒಂದೇ ಪದವಿ ಕೊಡುವ ಎರಡು ಕಾಲೇಜುಗಳ ನಡುವಿನ ನಿಜವಾದ ವ್ಯತ್ಯಾಸವನ್ನು ಪಠ್ಯದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಈ ನಾಲ್ಕನೆಯ ಪಾಲನ್ನು ಕಾಲೇಜು ಎಷ್ಟು ಶ್ರದ್ಧೆಯಿಂದ ನಡೆಸುತ್ತದೆ ಎಂಬುದರಲ್ಲಿ ಅದು ಎದ್ದು ಕಾಣುತ್ತದೆ.

ಸೀಟು ಸಿಗುವ ದಾರಿ

ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ ಪದವಿಗಳಿಗೆ ರಾಜ್ಯದಲ್ಲಿ ಮುಖ್ಯ ಬಾಗಿಲು ಸಿಇಟಿ. 1994ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕದಲ್ಲಿ ಸಿಇಟಿ ಅಂಕಕ್ಕೆ ಅರ್ಧ, ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳ ಅಂಕಕ್ಕೆ ಅರ್ಧ ತೂಕ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಭಾಗ ಸೀಟು ಸಿಇಟಿಗೆ, ಇನ್ನೊಂದು ಭಾಗ ಕಾಮೆಡ್‌ಕೆ ಪರೀಕ್ಷೆಗೆ, ಉಳಿದದ್ದು ಮ್ಯಾನೇಜ್‌ಮೆಂಟ್‌ಗೆ. ವೈದ್ಯಕೀಯ, ದಂತವೈದ್ಯಕ್ಕೆ ದೇಶಕ್ಕೆಲ್ಲ ಒಂದೇ ಆದ ನೀಟ್.

ಮಲೆನಾಡಿನ ಮಕ್ಕಳಿಗೆ ನೇರವಾಗಿ ತಟ್ಟುವ ಕೆಲವು ನಿಯಮಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ 15. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯು ಸೀಟುಗಳಿವೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೀಳಬೇಕು. ಈ ಒಂದು ಹಾಳೆ ಸಮಯಕ್ಕೆ ಕೈಸೇರದಿದ್ದರೆ ಅರ್ಹ ವಿದ್ಯಾರ್ಥಿಯೂ ಮೀಸಲಿನಿಂದ ಹೊರಗುಳಿಯುತ್ತಾನೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಬೇರೆಯೇ ಸೀಟುಗಳಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮುಂದಿಟ್ಟ ಬೀಜ, ಗೊಬ್ಬರ, ಉಪಕರಣವನ್ನು ನೋಡಿ ಗುರುತಿಸಬೇಕು. ಕೂರಿಗೆಗೂ ಕುಂಟೆಗೂ ಇರುವ ವ್ಯತ್ಯಾಸ ಹೊಲದಲ್ಲಿ ಬೆಳೆದ ಹುಡುಗಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಆ ತಿಳಿವಳಿಕೆಗೂ ಅಂಕವಿದೆ ಎಂದು ಒಪ್ಪಿಕೊಂಡ ಪರೀಕ್ಷೆ ಅದು.

ಎಂಟು ಸೆಮಿಸ್ಟರ್, 160 ಕ್ರೆಡಿಟ್

ಎಂಜಿನಿಯರಿಂಗ್ ಪದವಿಯ ರಚನೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಲ್ಲೇ ಅಡಗಿದೆ. ವಿಟಿಯು ಕೊಡುವ ಇದನ್ನು ಎಲ್ಲರೂ ಯುಎಸ್‌ಎನ್ ಎನ್ನುತ್ತಾರೆ. ಉದಾಹರಣೆಗೆ 4ಜೆಎನ್22ಸಿಎಸ್001 ಎಂಬ ಸಂಖ್ಯೆಯನ್ನು ಬಿಡಿಸಿದರೆ: ಮೊದಲ 4 ಮೈಸೂರು ವಲಯ, ಜೆಎನ್ ಎಂದರೆ ಜೆಎನ್‌ಎನ್‌ಸಿಇ, 22 ಎಂದರೆ ಸೇರಿದ್ದು 2022ರಲ್ಲಿ, ಸಿಎಸ್ ಎಂದರೆ ಕಂಪ್ಯೂಟರ್ ಸೈನ್ಸ್ ವಿಭಾಗ, ಕೊನೆಯ ಮೂರು ಅಂಕಿ ವಿದ್ಯಾರ್ಥಿಯ ಕ್ರಮಸಂಖ್ಯೆ. ಪಿಇಎಸ್ ಸಂಸ್ಥೆಯವರದು 4ಪಿಎಂ ಎಂದು ಶುರುವಾಗುತ್ತದೆ. ಕೊನೆಯ ಅಂಕಿಗಳು 400ರಿಂದ ಆರಂಭವಾಗಿದ್ದರೆ ಆ ವಿದ್ಯಾರ್ಥಿ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವರು.

ನಾಲ್ಕು ವರ್ಷ ಎಂಟು ಸೆಮಿಸ್ಟರ್‌ಗಳಾಗಿ ಒಡೆಯುತ್ತದೆ. ಪ್ರತಿ ವಿಷಯಕ್ಕೂ ಕ್ರೆಡಿಟ್ ಎಂಬ ತೂಕವಿದೆ. ವಾರಕ್ಕೆ ಒಂದು ಗಂಟೆ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು. ಮೂರು ಗಂಟೆ ಪಾಠವೂ ಎರಡು ಗಂಟೆ ಲ್ಯಾಬೂ ಇರುವ ವಿಷಯಕ್ಕೆ ನಾಲ್ಕು ಕ್ರೆಡಿಟ್ ಆಯಿತು. 2022ರ ಪಠ್ಯ ಯೋಜನೆ, ಅಂದರೆ ಸ್ಕೀಮ್‌ನಲ್ಲಿ ಪದವಿಗೆ ಬೇಕಾದ ಒಟ್ಟು ಮೊತ್ತ 160, ಅಂದರೆ ಸೆಮಿಸ್ಟರ್‌ಗೆ ಸರಾಸರಿ 20. ನಾಲ್ಕು ವರ್ಷಗಳ ಹಿಂದಿನ 2018ರ ಸ್ಕೀಮ್‌ನಲ್ಲಿ ಇದು 175 ಇತ್ತು. ವಿಟಿಯು ಕೆಲವು ವರ್ಷಗಳಿಗೊಮ್ಮೆ ಸ್ಕೀಮ್ ಬದಲಿಸುತ್ತದೆ. ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಉಳಿಸಿಕೊಂಡವರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ, ಏಕೆಂದರೆ ಹಳೆಯ ಸ್ಕೀಮ್‌ನ ಪಾಠ ತರಗತಿಯಲ್ಲಿ ಆಗ ನಡೆಯುತ್ತಿರುವುದಿಲ್ಲ.

ಮೊದಲ ವರ್ಷ ಎಲ್ಲ ವಿಭಾಗದವರೂ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರೋಗ್ರಾಮಿಂಗ್, ಡ್ರಾಯಿಂಗ್‌ನಂಥ ತಳಹದಿಯ ವಿಷಯಗಳನ್ನು ಓದುತ್ತಾರೆ. ಇಲ್ಲಿ ‘ಫಿಸಿಕ್ಸ್ ಸೈಕಲ್’, ‘ಕೆಮಿಸ್ಟ್ರಿ ಸೈಕಲ್’ ಎಂಬ ಏರ್ಪಾಡಿದೆ. ಅರ್ಧದಷ್ಟು ಮಂದಿ ಮೊದಲ ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರದ ಗುಂಪನ್ನು, ಉಳಿದವರು ರಸಾಯನಶಾಸ್ತ್ರದ ಗುಂಪನ್ನು ತೆಗೆದುಕೊಂಡು, ಎರಡನೇ ಸೆಮಿಸ್ಟರ್‌ನಲ್ಲಿ ಅದಲುಬದಲಾಗುತ್ತಾರೆ. ಇದರಿಂದ ಇರುವಷ್ಟೇ ಲ್ಯಾಬ್‌ಗಳಲ್ಲಿ, ಇರುವಷ್ಟೇ ಅಧ್ಯಾಪಕರಿಂದ ಎಲ್ಲರಿಗೂ ಕಲಿಸಲು ಆಗುತ್ತದೆ. ಕನ್ನಡಕ್ಕೂ ಇಲ್ಲಿ ಜಾಗವಿದೆ: ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಎರಡನೇ ವರ್ಷದಿಂದ ವಿಭಾಗದ ಮುಖ್ಯ ವಿಷಯಗಳು, ಮೂರನೇ ವರ್ಷದಿಂದ ಆಯ್ಕೆಯ ವಿಷಯಗಳು ಮತ್ತು ಮಿನಿ ಪ್ರಾಜೆಕ್ಟ್, ಕೊನೆಯ ವರ್ಷದಲ್ಲಿ ದೊಡ್ಡ ಪ್ರಾಜೆಕ್ಟ್ ಮತ್ತು ದೀರ್ಘ ಇಂಟರ್ನ್‌ಶಿಪ್. ಇದರ ಜೊತೆಗೆ ಸಮಾಜದ ಕೆಲಸಕ್ಕಾಗಿ ನಾಲ್ಕು ವರ್ಷದಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು.

ಅಂಕದ ಲೆಕ್ಕ ಎರಡು ಭಾಗದ್ದು. ಕಾಲೇಜಿನಲ್ಲೇ ನಡೆಯುವ ಟೆಸ್ಟ್, ಅಸೈನ್‌ಮೆಂಟ್‌ಗಳಿಗೆ 50, ಇದೇ ಇಂಟರ್ನಲ್ಸ್. ಸೆಮಿಸ್ಟರ್ ಕೊನೆಯ ವಿಶ್ವವಿದ್ಯಾಲಯದ ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಪಠ್ಯ ಐದು ಮಾಡ್ಯೂಲ್‌ಗಳಾಗಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಪೂರ್ತಿ ಉತ್ತರ. ಐದು ಮಾಡ್ಯೂಲ್‌ಗಳಲ್ಲಿ ಒಂದನ್ನೂ ಪೂರ್ತಿ ಬಿಡುವಂತಿಲ್ಲ ಎಂಬ ಶಿಸ್ತು ಈ ರಚನೆಯಲ್ಲೇ ಇದೆ. ಹಾಜರಾತಿ ಶೇ 85 ಇರಬೇಕು. ಕಾಯಿಲೆಯಂಥ ತಕ್ಕ ಕಾರಣವಿದ್ದರೆ ಶೇ 75ರವರೆಗೆ ರಿಯಾಯಿತಿ. ಫೇಲಾದ ವಿಷಯಗಳು ಮಿತಿ ಮೀರಿದರೆ ಮುಂದಿನ ವರ್ಷಕ್ಕೆ ಬಡ್ತಿಯಿಲ್ಲ. ಹಾಸ್ಟೆಲಿನ ಮಾತಿನಲ್ಲಿ ಅದು ‘ಇಯರ್ ಬ್ಯಾಕ್’.

ವಾರ್ಡೇ ತರಗತಿ

ವೈದ್ಯಕೀಯ ಪದವಿಯಲ್ಲಿ ಸೆಮಿಸ್ಟರ್ ಪರೀಕ್ಷೆಯಿಲ್ಲ. ಎಂಬಿಬಿಎಸ್‌ನ ನಾಲ್ಕೂವರೆ ವರ್ಷಗಳನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷೆ ಇಡುತ್ತಾರೆ. ಮೊದಲ ಹಂತದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಎರಡನೆಯದರಲ್ಲಿ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ. ಮೂರನೆಯದರ ಮೊದಲ ಭಾಗದಲ್ಲಿ ನ್ಯಾಯವೈದ್ಯ, ಸಮುದಾಯ ವೈದ್ಯ. ಎರಡನೇ ಭಾಗದಲ್ಲಿ ಮೆಡಿಸಿನ್, ಸರ್ಜರಿ, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ವೈದ್ಯ. ಆರೋಗ್ಯವಂತ ಶರೀರ, ಅದಕ್ಕೆ ಬರುವ ರೋಗ, ರೋಗಕ್ಕೆ ಚಿಕಿತ್ಸೆ ಎಂಬ ಅನುಕ್ರಮ ಇದರಲ್ಲಿದೆ. ಕೊನೆಗೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅದರಲ್ಲಿ ವಿಭಾಗದಿಂದ ವಿಭಾಗಕ್ಕೆ ಸರದಿಯಂತೆ ಕೆಲಸ. ಪಾಸಾಗಲು ಶೇ 50 ಅಂಕ ಬೇಕು. ಹಾಜರಾತಿ ಪಾಠಕ್ಕೆ ಶೇ 75, ಪ್ರಾಯೋಗಿಕಕ್ಕೆ ಶೇ 80. ಮೊದಲ ಹಂತವನ್ನು ಹೆಚ್ಚೆಂದರೆ ನಾಲ್ಕು ಪ್ರಯತ್ನದಲ್ಲಿ ದಾಟಬೇಕು.

2019ರಿಂದ ವೈದ್ಯಕೀಯ ಪಠ್ಯ ‘ಸಾಮರ್ಥ್ಯ ಆಧಾರಿತ’ವಾಗಿದೆ. ಒಂದೊಂದು ಕೌಶಲಕ್ಕೂ ವಿದ್ಯಾರ್ಥಿ ಯಾವ ಮೆಟ್ಟಿಲು ಹತ್ತಬೇಕೆಂದು ಬರೆದಿಟ್ಟಿದ್ದಾರೆ: ವಿಷಯ ಗೊತ್ತಿದೆ, ಹೇಗೆ ಮಾಡಬೇಕೆಂದು ಗೊತ್ತಿದೆ, ಮಾಡಿ ತೋರಿಸಬಲ್ಲರು, ಯಾರ ನೆರವಿಲ್ಲದೆ ಮಾಡಬಲ್ಲರು. ಪ್ರತಿಯೊಂದನ್ನೂ ಲಾಗ್‌ಬುಕ್‌ನಲ್ಲಿ ದಾಖಲಿಸಿ ಅಧ್ಯಾಪಕರ ಸಹಿ ಪಡೆಯಬೇಕು.

ಎರಡನೇ ಹಂತದಿಂದ ವಿದ್ಯಾರ್ಥಿಗಳು ತಂಡತಂಡವಾಗಿ ವಾರ್ಡ್‌ಗಳಿಗೆ ಹೋಗುತ್ತಾರೆ. ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿದ್ದರೂ ಹಾಸಿಗೆಯ ಪಕ್ಕದ ಮಾತು ಕನ್ನಡವೇ. ‘ಕೈಕಾಲು ಜೋಮು ಹಿಡಿಯುತ್ತೆ’, ‘ಹೊಟ್ಟೆ ತೊಳಸುತ್ತೆ’, ‘ಕಣ್ಣು ಕತ್ತಲೆ ಬರುತ್ತೆ’ ಎಂದು ರೋಗಿ ಹೇಳಿದ್ದನ್ನು ಕೇಳಿಸಿಕೊಂಡು, ಯಾವಾಗಿನಿಂದ, ಎಷ್ಟು ಹೊತ್ತು, ಯಾವಾಗ ಹೆಚ್ಚು ಎಂದು ವಿಚಾರಿಸಿ, ಅದನ್ನು ವೈದ್ಯಕೀಯದ ಭಾಷೆಗೆ ತಂದು ಅಧ್ಯಾಪಕರ ಮುಂದೆ ಒಪ್ಪಿಸಬೇಕು. ಜೋಮಿಗೂ ಸೆಳೆತಕ್ಕೂ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ರೋಗ ನಿರ್ಣಯದಲ್ಲೇ ದಾರಿ ತಪ್ಪುತ್ತಾರೆ. ಪದವಿಯ ಆರಂಭದ ಫೌಂಡೇಷನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಕಲಿಕೆ ಸೇರಿರುವುದು ಇದಕ್ಕಾಗಿ.

ಸಮುದಾಯ ವೈದ್ಯದ ಭಾಗವಾಗಿ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಬೇಕು. ಹಾಗೆ ಗಮನಿಸಬೇಕಾದ ಕಾಯಿಲೆಗಳಲ್ಲಿ ಒಂದು ಈ ನೆಲದ್ದೇ: ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಜ್ವರ ಇಂದಿಗೂ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಭಯ ಹುಟ್ಟಿಸುತ್ತದೆ. ಹಳ್ಳಿಯ ಮನೆಯಂಗಳ ಇಲ್ಲಿನ ವೈದ್ಯ ವಿದ್ಯಾರ್ಥಿಗೆ ಪಠ್ಯದ ಒಂದು ಭಾಗವೇ ಆಗಿದೆ.

ರಂಗೋಲಿಯಲ್ಲಿ ಊರು, ಬಕೆಟ್ಟಿನಲ್ಲಿ ಮೈಲುತುತ್ತ

ಬಿ.ಎಸ್ಸಿ. (ಆನರ್ಸ್) ಕೃಷಿ ಪದವಿಯೂ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗ, ತಳಿಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ ಎಂದು ವಿಷಯಗಳು ಹರಡಿಕೊಂಡಿವೆ. ಎಲ್ಲವೂ ಒಂದೆಡೆ ಕೂಡುವುದು ಗ್ರಾಮೀಣ ಕೃಷಿ ಕಾರ್ಯಾನುಭವದಲ್ಲಿ. ಕೊನೆಯ ವರ್ಷದ ವಿದ್ಯಾರ್ಥಿಗಳು ತಂಡವಾಗಿ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದು, ರೈತರ ಮನೆ, ಹೊಲ, ತೋಟಗಳಲ್ಲಿ ಕಲಿಯುತ್ತಾರೆ.

ಹೋದವರು ಮೊದಲು ಊರನ್ನು ಓದಬೇಕು. ದೇವಸ್ಥಾನದ ಮುಂದೆಯೋ ಶಾಲೆಯ ಅಂಗಳದಲ್ಲೋ ಬಣ್ಣದ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ: ಕೆರೆಗೆ ನೀಲಿ, ಗದ್ದೆಗೆ ಹಸಿರು, ಬೀದಿಗೆ ಬಿಳಿ. ಸುತ್ತ ನಿಂತ ಊರವರು ‘ಇಲ್ಲೊಂದು ಹಳ್ಳ ಇದೆ, ಬಿಟ್ಟಿದ್ದೀರಿ’ ಎಂದು ತಿದ್ದುತ್ತಾರೆ. ಯಾವ ಕೇರಿಗೆ ನೀರು ಮೊದಲು ನಿಲ್ಲುತ್ತದೆ, ಯಾವ ತೋಟಕ್ಕೆ ರೋಗ ಮೊದಲು ತಗಲುತ್ತದೆ ಎಂಬುದು ಆ ಚಿತ್ರದ ಮೇಲೆ ಚರ್ಚೆಗೆ ಬರುತ್ತದೆ.

ಅಡಿಕೆ ಸೀಮೆಯಲ್ಲಿ ಮಳೆಗಾಲದ ದೊಡ್ಡ ಶತ್ರು ಕೊಳೆರೋಗ. ಅದಕ್ಕೆ ಶೇ 1ರ ಬೋರ್ಡೋ ದ್ರಾವಣ ಮಾಡಿ ತೋರಿಸುವುದು ವಿದ್ಯಾರ್ಥಿಗಳ ಪ್ರಾತ್ಯಕ್ಷಿಕೆಗಳಿಗೆ ಒಳ್ಳೆಯ ಉದಾಹರಣೆ. 100 ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಆಮೇಲೆ ಹೊಳಪಿರುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಹಾಗೇ ಸಿಂಪಡಿಸಿದರೆ ಎಲೆ, ಕಾಯಿ ಸುಡುತ್ತದೆ. ರಸಾಯನಶಾಸ್ತ್ರದ ಪಾಠವೊಂದು ರೈತನ ಬಕೆಟ್ಟಿನಲ್ಲಿ ಪರೀಕ್ಷೆಗೆ ಒಳಗಾಗುವುದು ಹೀಗೆ. ಮೂವತ್ತು ವರ್ಷದಿಂದ ಔಷಧಿ ಹೊಡೆಸಿದ ರೈತ ಅಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾದ ವಿದ್ಯಾರ್ಥಿ ತಾನು ಓದಿದ್ದನ್ನು ಮತ್ತೊಮ್ಮೆ, ಬೇರೆಯೇ ಬಗೆಯಲ್ಲಿ ಕಲಿಯುತ್ತಾರೆ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಪದವಿ ಐದೂವರೆ ವರ್ಷದ್ದು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎಂಬಿಬಿಎಸ್‌ನ ಅಚ್ಚಿನಲ್ಲೇ ಇದೂ ಇದೆ. ಆದರೆ ಇಲ್ಲಿನ ರೋಗಿ ತನ್ನ ನೋವನ್ನು ಬಾಯಿಬಿಟ್ಟು ಹೇಳದು. ಹಸು, ಎಮ್ಮೆ, ಕುರಿ, ನಾಯಿ, ಕೋಳಿ ಎಂದು ಒಂದೊಂದರ ಶರೀರವೂ ಬೇರೆ.

ಕಾನೂನು, ಔಷಧ, ಶಿಕ್ಷಣ, ಗಣಕ

ಕಾನೂನು ಪದವಿಗೆ ಎರಡು ದಾರಿ. ಪಿಯುಸಿ ನಂತರ ಐದು ವರ್ಷದ ಬಿ.ಎ. ಎಲ್‌ಎಲ್‌ಬಿಯಂಥ ಸಂಯೋಜಿತ ಪದವಿ, ಇಲ್ಲವೇ ಯಾವುದಾದರೂ ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ. ಶಿವಮೊಗ್ಗದ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜು ಹುಬ್ಬಳ್ಳಿಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸಂವಿಧಾನ, ಕರಾರು, ಅಪರಾಧ ಕಾನೂನುಗಳ ಜೊತೆಗೆ ಬಾರ್ ಕೌನ್ಸಿಲ್‌ನ ನಿಯಮದಂತೆ ನಾಲ್ಕು ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ: ದಾವೆ ಮತ್ತು ದಸ್ತಾವೇಜುಗಳ ಕರಡು ಬರೆಯುವುದು, ವೃತ್ತಿ ನೀತಿ, ರಾಜಿ ಮತ್ತು ಮಧ್ಯಸ್ಥಿಕೆ, ಅಣಕು ನ್ಯಾಯಾಲಯ ಹಾಗೂ ಇಂಟರ್ನ್‌ಶಿಪ್. ಹಿರಿಯ ವಕೀಲರ ಕಚೇರಿಯಲ್ಲಿ ಕಕ್ಷಿದಾರರ ಮಾತು ಕೇಳಿಸಿಕೊಳ್ಳುವುದು, ನ್ಯಾಯಾಲಯದಲ್ಲಿ ಕೂತು ವಿಚಾರಣೆ ನೋಡಿ ಡೈರಿ ಬರೆಯುವುದು ಇದರ ಭಾಗ.

ಫಾರ್ಮಸಿಯಲ್ಲಿ ಮೂರು ಮೆಟ್ಟಿಲುಗಳಿವೆ. ಎರಡು ವರ್ಷದ ಡಿ.ಫಾರ್ಮ್‌ಗೆ ಕೊನೆಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ. ನಾಲ್ಕು ವರ್ಷದ ಬಿ.ಫಾರ್ಮ್‌ನಲ್ಲಿ ಏಳನೇ ಸೆಮಿಸ್ಟರ್‌ಗೆ ‘ಪ್ರಾಕ್ಟಿಸ್ ಸ್ಕೂಲ್’ ಎಂಬ ಪ್ರಾಯೋಗಿಕ ತರಬೇತಿ. ಆರು ವರ್ಷದ ಫಾರ್ಮ್.ಡಿ.ಯಲ್ಲಿ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಬಿ.ಇಡಿ. 2015ರಿಂದ ಎರಡು ವರ್ಷಕ್ಕೆ ಬೆಳೆದಿದೆ. ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು.

ಬಿಬಿಎ, ಬಿಸಿಎ ಪದವಿಗಳು ಕುವೆಂಪು ವಿಶ್ವವಿದ್ಯಾಲಯದ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ನಡೆಯುತ್ತಿದ್ದರೂ ಅವುಗಳ ಗುರಿ ವೃತ್ತಿಯೇ. 2024-25ರಿಂದ ಇವೂ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಹೊಸ ಶಿಕ್ಷಣ ನೀತಿಯಂತೆ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ವ್ಯವಸ್ಥೆಯನ್ನು ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಎಂಸಿಎ 2020-21ರಿಂದ ಮೂರರ ಬದಲು ಎರಡು ವರ್ಷದ ಕೋರ್ಸ್.

ಭದ್ರಾವತಿಯ ಏಣಿ

ಭದ್ರಾವತಿಯಲ್ಲಿ ತಾಂತ್ರಿಕ ಕಲಿಕೆಗೆ ಕಾರ್ಖಾನೆಯ ನಂಟಿದೆ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕುಲುಮೆ, ಎರಕ, ಯಂತ್ರ, ವಿದ್ಯುತ್ ಬಲ್ಲ ಕೈಗಳು ಊರಿಗೆ ಬೇಕಾದವು. ವಿಐಎಸ್‌ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್ ಎಂಬ ಹೆಸರಿನಲ್ಲೇ ಆ ಕಬ್ಬಿಣ, ಉಕ್ಕಿನ ಕಾರ್ಖಾನೆಯ ಗುರುತು ಉಳಿದಿದೆ.

ಪಾಲಿಟೆಕ್ನಿಕ್‌ನ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಕೋರ್ಸ್. ಮೆಟ್ಟಿಲುಗಳು ಒಂದಕ್ಕೊಂದು ಕೂಡಿಕೊಂಡಿರುವುದು ಇದರ ದೊಡ್ಡ ಗುಣ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಬರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಮೂರನೇ ಸೆಮಿಸ್ಟರ್‌ಗೆ ಸೇರಬಹುದು. ಫಿಟ್ಟಿಂಗ್ ಶಾಪ್‌ನಲ್ಲಿ ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ, ಅರ ಹಿಡಿದು ಉಜ್ಜಿ ಅಳತೆಗೆ ತಂದ ಹುಡುಗ ಮೂರು ವರ್ಷದ ಬಳಿಕ ಎಂಜಿನಿಯರಿಂಗ್ ತರಗತಿಯಲ್ಲಿ ಕೂತಾಗ, ಪಿಯುಸಿಯಿಂದ ಬಂದ ಸಹಪಾಠಿಗಿಂತ ಗಣಿತದಲ್ಲಿ ಹಿಂದಿರಬಹುದು, ಲ್ಯಾಬ್‌ನಲ್ಲಿ ಮಾತ್ರ ಅವನ ಕೈ ಮುಂದಿರುತ್ತದೆ. ಯುಎಸ್‌ಎನ್‌ನಲ್ಲಿ 400ರ ಸಂಖ್ಯೆ ಹೊತ್ತ ಇಂಥ ಮಕ್ಕಳಲ್ಲಿ ಅನೇಕರು, ಪಿಯುಸಿ ವಿಜ್ಞಾನಕ್ಕೆ ಕಟ್ಟಲು ಹಣವಿಲ್ಲದ ಮನೆಗಳವರು. ಈ ಏಣಿ ಗಟ್ಟಿಯಾಗಿರಬೇಕಾದದ್ದು ಅವರಿಗಾಗಿ.

ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದು ಊರು ಬೀದಿಗಿಳಿಯಿತು. ಓಡುವ ಯಂತ್ರ ಪಕ್ಕದಲ್ಲಿ ಇಲ್ಲದಾದಾಗ ತಾಂತ್ರಿಕ ಕಾಲೇಜು ತನ್ನ ಇಂಟರ್ನ್‌ಶಿಪ್‌ಗೆ ಬೆಂಗಳೂರು, ಹುಬ್ಬಳ್ಳಿಯತ್ತ ನೋಡಬೇಕಾಗುತ್ತದೆ. ಅಲ್ಲಿಯ ಬಾಡಿಗೆ, ಊಟದ ಖರ್ಚು ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಇದೇ ಹೊತ್ತಿಗೆ ಕಂಪ್ಯೂಟರ್, ಕೃತಕ ಬುದ್ಧಿಮತ್ತೆಯ ವಿಭಾಗಗಳು ರಾಜ್ಯದಲ್ಲೆಲ್ಲ ಬೆಳೆದಿವೆ. ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024-25ರಿಂದ ಸಡಿಲಿಸಿದ ಮೇಲೆ ಈ ಓಟ ಹೆಚ್ಚಿದೆ. ಸೀಟು ಹೆಚ್ಚಾದಷ್ಟೇ ಅಧ್ಯಾಪಕರೂ ಲ್ಯಾಬೂ ಹೆಚ್ಚಿವೆಯೇ ಎಂದು ಕೇಳುವುದು ಪೋಷಕರ ಹಕ್ಕು.

ಪದವಿಯಿಂದ ನೋಂದಣಿಗೆ

ಕಾಲೇಜಿನ ಗುಣಮಟ್ಟಕ್ಕೆ ಹೊರಗಿನ ಅಳತೆಗಳಿವೆ. ನ್ಯಾಕ್ ಇಡೀ ಕಾಲೇಜನ್ನು ಅಳೆಯುತ್ತದೆ. ಎನ್‌ಬಿಎ ಒಂದೊಂದು ವಿಭಾಗವನ್ನು ಬೇರೆಯಾಗಿ ಅಳೆಯುತ್ತದೆ. ಕಾಲೇಜಿಗೆ ಮಾನ್ಯತೆ ಇದೆ ಎಂದಮಾತ್ರಕ್ಕೆ ಸೇರುವ ವಿಭಾಗಕ್ಕೂ ಇದೆ ಎಂದು ತಿಳಿಯಬಾರದು. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ ಎನ್‌ಬಿಎ ಮಾನ್ಯತೆಗೆ ಹೊರದೇಶಗಳಲ್ಲೂ ಬೆಲೆ ಬಂದಿದೆ.

ಪದವಿ ಕೈಗೆ ಬಂದ ಮೇಲೆ ಕೊನೆಯ ಮೆಟ್ಟಿಲು ನೋಂದಣಿ. ಎಂಬಿಬಿಎಸ್ ಆದವರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ, ಫಾರ್ಮಸಿ ಓದಿದವರು ಫಾರ್ಮಸಿ ಪರಿಷತ್ತಿನಲ್ಲಿ, ಪಶುವೈದ್ಯರು ತಮ್ಮ ಪರಿಷತ್ತಿನಲ್ಲಿ ಹೆಸರು ಬರೆಸಬೇಕು. ಕಾನೂನು ಪದವೀಧರರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಎಂಜಿನಿಯರಿಗೆ ಇಂಥ ಕಡ್ಡಾಯ ನೋಂದಣಿಯಿಲ್ಲ. ಅವರ ಕೈಯ ಕೆಲಸವೇ ಅವರ ಪರವಾನಗಿ.

ಸೇರುವ ಮೊದಲು ಕಾಲೇಜನ್ನು ನೋಡಲು ಹೋಗುವ ಕುಟುಂಬ ಕಟ್ಟಡದ ಜೊತೆಗೆ ಇನ್ನೂ ಕೆಲವನ್ನು ನೋಡಬೇಕು: ಲ್ಯಾಬ್‌ನ ಯಂತ್ರ ಓಡುತ್ತಿದೆಯೇ, ಆಸ್ಪತ್ರೆಯ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ಕೊನೆಯ ವರ್ಷದವರು ಇಂಟರ್ನ್‌ಶಿಪ್‌ಗೆ ಎಲ್ಲಿ ಹೋಗಿದ್ದಾರೆ, ಅಲ್ಲಿ ಅವರಿಗೆ ಕೆಲಸ ಹೇಳಿಕೊಡುವವರು ಯಾರು. ಮಂಡಳಿ ನಿಯಮ ಕೊಡುತ್ತದೆ, ವಿಶ್ವವಿದ್ಯಾಲಯ ಪಠ್ಯ ಕೊಡುತ್ತದೆ, ಸರ್ಕಾರ ಸೀಟು ಕೊಡುತ್ತದೆ. ವಾರ್ಡಿನಲ್ಲಿ, ತೋಟದಲ್ಲಿ, ಫಿಟ್ಟಿಂಗ್ ಶಾಪ್‌ನಲ್ಲಿ ವಿದ್ಯಾರ್ಥಿಯ ಪಕ್ಕ ನಿಂತು, ತಪ್ಪಿದಾಗ ತಿದ್ದುವ ಗುರುವನ್ನು ಕೊಡಬೇಕಾದದ್ದು ಕಾಲೇಜು.